ಮುಖವಿಲ್ಲದ ತಾಯಿ

ಕಳೆದ ಭಾನುವಾರ ನನ್ನ ಹಳೆಯ ಶಿಷ್ಯನೊಬ್ಬ ಮನೆಗೆ ಬಂದಿದ್ದ. ಈಗ ಆತನೂ ಮೇಷ್ಟ್ರೇ. ಪ್ರೌಢಶಾಲೆಯೊಂದರಲ್ಲಿ ಚಿತ್ರಕಲೆ ಕಲಿಸುತ್ತಾನೆ. ಒಳಗಿನಿಂದ ಕಾಫಿ ಬರುವವರೆಗೆ ಮೇಜಿನ ಮೇಲಿದ್ದ ದಪ್ಪನೆಯ ಪುಸ್ತಕವೊಂದನ್ನು ತಿರುವಿಹಾಕುತ್ತ ಕುಳಿತ. ಹಡಗಿನ ನೌಕರಿಯಲ್ಲಿರುವ ನನ್ನ ಸೋದರಳಿಯ ಪಿರೇಯಸ್ ಬಂದರಿನಲ್ಲಿ ಇಳಿದಿದ್ದಾಗ ಕೊಂಡು ತಂದ, ಆಧುನಿಕ ಗ್ರೀಕ್ ಕಲೆಯ ಚಿತ್ರಸಂಪುಟ ಅದು. ಸ್ವಲ್ಪ ಹೊತ್ತಿನ ಮೇಲೆ ಅವನು ತಲೆಯೆತ್ತಿ, "ಸರ್, ಮುಂದಿನ ವಾರ ಸ್ಪರ್ಧೆಗೆ ಮಕ್ಕಳ ಕೈಲಿ 'ತಾಯಿ ಮತ್ತು ಮಗು' ಬರೆಸಬೇಕು. ಇಲ್ಲೇನಾದರೂ ಸಿಗುತ್ತದೆಯೇ ಎಂದು ನೋಡಿದೆ. ಅರ್ಧ ಪುಸ್ತಕದಲ್ಲಿ ಮುಖಗಳೇ ಇಲ್ಲವಲ್ಲ! ಅಮೂರ್ತ ಕಲೆಗೆ ತಾಯಿ ಇರುವುದಿಲ್ಲ, ಅಲ್ಲವೇ ಸರ್?" ಎಂದು ನಕ್ಕ.

ಅವನು ತಮಾಷೆಗೆ ಕೇಳಿದ್ದು. ಆದರೆ ನನಗೆ ರಾತ್ರಿಯಿಡೀ ಆ ಮಾತು ತಲೆಯಲ್ಲಿ ಸುತ್ತುತ್ತಿತ್ತು. ನಾನು ಗ್ರೀಸಿಗೆ ಹೋದವನಲ್ಲ. ನೋಡಿದ್ದೆಲ್ಲ ಅಚ್ಚಾದ ಚಿತ್ರಗಳನ್ನೇ. ಕಲಾವಿಮರ್ಶಕನೂ ಅಲ್ಲ. ಮೂವತ್ತಕ್ಕೂ ಹೆಚ್ಚು ವರ್ಷ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಬೆಳಿಗ್ಗೆ ಕನ್ನಡವನ್ನೂ ಮಧ್ಯಾಹ್ನ ಗಣಿತವನ್ನೂ ಕಲಿಸಿದವನು. ಆದರೂ ಈ ವಿಷಯದಲ್ಲಿ ನನಗೊಂದು ಅಭಿಪ್ರಾಯವಿದೆ. ಅದಕ್ಕೆ ಕಾರಣ ಕಲೆಯಲ್ಲ, ಒಂದು ಪ್ರಬಂಧ. ಅದನ್ನು ಆಮೇಲೆ ಹೇಳುತ್ತೇನೆ.

ಮೊದಲು ಒಂದು ಪದದ ವಿಚಾರ. ನಾವು 'ಅಮೂರ್ತ' ಎನ್ನುತ್ತೇವೆ. ಮೂರ್ತಿ ಇಲ್ಲದ್ದು, ಆಕಾರ ಇಲ್ಲದ್ದು ಎಂದು ಅರ್ಥ. ಹೀಗಾಗಿ ಅಂಥ ಚಿತ್ರದ ಮುಂದೆ ನಿಂತ ಕೂಡಲೇ ನಾವು ಇಲ್ಲದ್ದನ್ನು ಹುಡುಕಲು ಆರಂಭಿಸುತ್ತೇವೆ. ಗ್ರೀಕರು ಇದನ್ನು 'ಅಫಿರಿಮೆನಿ ತೆಖ್ನಿ' ಎನ್ನುತ್ತಾರೆ. ಅದರ ಮೂಲದಲ್ಲಿರುವುದು 'ಅಫೇರೆಸಿ', ಅಂದರೆ ತೆಗೆಯುವುದು, ಕಳೆಯುವುದು. ಅಲ್ಲಿನ ಶಾಲೆಯ ಮಕ್ಕಳು ಲೆಕ್ಕದ ಪುಸ್ತಕದಲ್ಲಿ ಮಾಡುವ ಕಳೆಯುವ ಲೆಕ್ಕಕ್ಕೂ ಇದೇ ಹೆಸರು. (ಮೈಮರೆತು ಎಲ್ಲೋ ನೋಡುತ್ತ ಕುಳಿತವನಿಗೂ 'ಅಫಿರಿಮೆನೋಸ್' ಎನ್ನುತ್ತಾರಂತೆ. ಹಾಗೆ ನೋಡಿದರೆ ಮಧ್ಯಾಹ್ನದ ಊಟದ ನಂತರದ ನನ್ನ ಗಣಿತದ ತರಗತಿ ಇಡಿಯಾಗಿ ಅಮೂರ್ತವೇ ಆಗಿತ್ತು!) ಈ ಪದ ತಿಳಿದ ಮೇಲೆ ನನ್ನ ಪ್ರಶ್ನೆಯೇ ಬದಲಾಯಿತು. ತಾಯಿ ಎಲ್ಲಿದ್ದಾಳೆ ಎಂಬುದಲ್ಲ. ತಾಯಿಯಲ್ಲಿ ಏನೇನನ್ನು ಕಳೆಯಬಹುದು, ಎಷ್ಟು ಕಳೆದ ಮೇಲೂ ಆಕೆ ತಾಯಿಯಾಗಿಯೇ ಉಳಿಯುತ್ತಾಳೆ?

ಗ್ರೀಸಿನಲ್ಲಿ ಈ ಲೆಕ್ಕ ಬಹಳ ಹಳೆಯದೆಂದು ಹೇಳುವವರು ಕೂಡಲೇ ಬೊಟ್ಟು ಮಾಡುವುದು ಸೈಕ್ಲಡೀಸ್ ದ್ವೀಪಗಳ ಅಮೃತಶಿಲೆಯ ಬೊಂಬೆಗಳ ಕಡೆಗೆ. ಕ್ರಿಸ್ತಪೂರ್ವ ಮೂರನೆಯ ಸಹಸ್ರಮಾನದವು. ಅಂಗೈ ಗಾತ್ರದವೂ ಇವೆ, ಒಂದೂವರೆ ಮೀಟರ್ ಎತ್ತರದವೂ ಇವೆ. ಹೆಚ್ಚಿನವು ಹೆಣ್ಣಿನ ರೂಪಗಳು. ಎದೆಯ ಕೆಳಗೆ ಕಟ್ಟಿಕೊಂಡ ಕೈಗಳು, ಗುರಾಣಿಯಂತೆ ಚಪ್ಪಟೆಯಾದ ಮುಖ, ಅದರಲ್ಲಿ ಮೂಗೊಂದೇ ಎದ್ದು ಕಾಣುತ್ತದೆ. ಕೆಲವಕ್ಕೆ ಉಬ್ಬಿದ ಹೊಟ್ಟೆಯಿದೆ. ಇಪ್ಪತ್ತನೆಯ ಶತಮಾನದ ಶಿಲ್ಪಿಗಳು, ಬ್ರಾಂಕೂಸಿಯಿಂದ ಹೆನ್ರಿ ಮೂರ್ ತನಕ, ಇವುಗಳಿಗೆ ಮನಸೋತರು. 1986ರಲ್ಲಿ ಅಥೆನ್ಸಿನಲ್ಲಿ ಇವಕ್ಕಾಗಿಯೇ ಒಂದು ವಸ್ತುಸಂಗ್ರಹಾಲಯ ತೆರೆಯಿತು. "ನೋಡಿ, ನಮ್ಮ ಆದಿಮಾತೆ ಐದು ಸಾವಿರ ವರ್ಷಗಳ ಹಿಂದೆಯೇ ಅಮೂರ್ತಳಾಗಿದ್ದಳು" ಎಂಬ ಧಾಟಿಯ ಮಾತು ಆಧುನಿಕ ಗ್ರೀಕ್ ಕಲೆಯ ಕುರಿತ ಬರಹಗಳಲ್ಲಿ ಮತ್ತೆ ಮತ್ತೆ ಕಾಣಿಸುತ್ತದೆ.

ನನಗೆ ಈ ಮಾತು ಒಪ್ಪಿಗೆಯಿಲ್ಲ, ಎರಡು ಕಾರಣಗಳಿಗಾಗಿ. ಒಂದು, ಆ ಮುಖಗಳು ಖಾಲಿಯಾಗಿರಲಿಲ್ಲ. ಕಣ್ಣು, ಕೂದಲು, ಕೆನ್ನೆಯ ಮೇಲಿನ ಚುಕ್ಕೆಗಳನ್ನು ಬಣ್ಣದಲ್ಲಿ ಬರೆದಿದ್ದರು. ಹಲವು ಬೊಂಬೆಗಳ ಮೇಲೆ ಅದರ ಗುರುತುಗಳು ಸಿಕ್ಕಿವೆ. ಮುಖವನ್ನು ಕಳೆದವನು ಶಿಲ್ಪಿಯಲ್ಲ, ಕಾಲ. ಮಳೆಗೆ ತೊಳೆದುಹೋದ ರಂಗೋಲಿಯ ಮನೆಯಂಗಳವನ್ನು ನೋಡಿ ಈ ಮನೆಯವರು ರಂಗೋಲಿಯನ್ನೇ ಇಡುವುದಿಲ್ಲ ಎಂದಂತಾಯಿತು. ಎರಡನೆಯದಾಗಿ, ಅವು ತಾಯಂದಿರೆಂದು ಹೇಳಿದವರಾರು? ಅನೇಕ ಬೊಂಬೆಗಳನ್ನು ಕಳ್ಳರು ಗೋರಿಗಳಿಂದ ಅಗೆದು ಮಾರಿದ್ದರಿಂದ ಯಾವುದು ಎಲ್ಲಿತ್ತು, ಯಾರ ಪಕ್ಕದಲ್ಲಿತ್ತು ಎಂಬುದೇ ಅಳಿಸಿಹೋಗಿದೆ. ದೇವತೆಯೋ, ಸತ್ತವರ ಸಂಗಾತಿಯೋ, ಪೂಜಿಸುವವಳೋ ಎಂಬ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಮಗುವಿನೊಂದಿಗೆ ಇರುವ ರೂಪಗಳಂತೂ ತೀರಾ ವಿರಳ. ಹೆಣ್ಣಿನ ದೇಹ ಕಂಡ ಕೂಡಲೇ ತಾಯಿ ಎಂದು ಕರೆಯುವ ನಮ್ಮ ಚಪಲ ಅಲ್ಲಿ ಕೆಲಸ ಮಾಡಿದೆ ಎಂದಷ್ಟೇ ಹೇಳಬಲ್ಲೆ.

ನಿಜವಾದ ಪೂರ್ವಿಕಳನ್ನು ನಾನು ಬೇರೆಡೆ ಕಾಣುತ್ತೇನೆ. ಗ್ರೀಸಿನ ಯಾವುದೇ ಊರಿನ ಆರ್ಥಡಾಕ್ಸ್ ಚರ್ಚಿನಲ್ಲಿ ಪೂಜಾಸ್ಥಾನದ ಹಿಂದಿನ ಕಮಾನುಗೋಡೆಯ ಮೇಲೆ ಮೇರಿಮಾತೆಯ ದೊಡ್ಡ ಚಿತ್ರವಿರುವುದು ವಾಡಿಕೆ. ಅದಕ್ಕೆ 'ಪ್ಲಾಟಿಟೆರಾ' ಎಂದು ಹೆಸರು. 'ಹೆಚ್ಚು ವಿಶಾಲಳಾದವಳು', ಆಕಾಶಕ್ಕಿಂತಲೂ ವಿಶಾಲಳು ಎಂದು ಅರ್ಥ. ಆಕೆ ಎರಡೂ ಕೈಗಳನ್ನು ಚಾಚಿದ್ದಾಳೆ. ಹಲವು ಚಿತ್ರಗಳಲ್ಲಿ ಮಗುವನ್ನು ಆಕೆ ಎತ್ತಿಕೊಂಡೇ ಇಲ್ಲ. ಆಕೆಯ ಎದೆಯ ಮೇಲೆ ಒಂದು ವೃತ್ತ, ಆ ವೃತ್ತದೊಳಗೆ ಮಗು. ಸ್ವಲ್ಪ ಯೋಚಿಸಿ ನೋಡಿ. ಯಾವ ಮಗು ವೃತ್ತದೊಳಗೆ ಕುಳಿತಿರುತ್ತದೆ? ಇದು ಕಣ್ಣು ಕಂಡ ದೃಶ್ಯವಲ್ಲ, ಜ್ಯಾಮಿತಿ. ದೊಡ್ಡ ಆಕಾರವೊಂದು ತನ್ನೊಳಗೆ ಚಿಕ್ಕ ಆಕಾರಕ್ಕೆ ಜಾಗ ಮಾಡಿಕೊಟ್ಟಿದೆ. ಮುಖಗಳನ್ನು ಒರೆಸಿಹಾಕಿದರೂ ಆ ಜಾಗ ಉಳಿಯುತ್ತದೆ. ಪ್ರತಿ ಭಾನುವಾರ ಅಜ್ಜಿಯ ಕೈಹಿಡಿದು ಚರ್ಚಿಗೆ ಹೋಗಿ ಆ ಗೋಡೆಯನ್ನೇ ನೋಡುತ್ತ ನಿಂತ ಹುಡುಗರೇ ಮುಂದೆ ಅಮೂರ್ತ ಕಲಾವಿದರಾದರು. ಅವರಿಗೆ ಪ್ಯಾರಿಸ್ಸಿನಿಂದ ಕಲಿಯಬೇಕಾದ್ದು ಬೇಕಾದಷ್ಟಿತ್ತು, ನಿಜ. ಆದರೆ ಇದೊಂದನ್ನು ಅವರು ಊರಿನಲ್ಲೇ ಕಲಿತಿದ್ದರು.

ಯಾನಿಸ್ ಮೊರಾಲಿಸ್ ಎಂಬ ಚಿತ್ರಕಾರನನ್ನು ತೆಗೆದುಕೊಳ್ಳಿ. 1916ರಲ್ಲಿ ಹುಟ್ಟಿ 2009ರಲ್ಲಿ ತೀರಿಕೊಂಡವರು. 1947ರಿಂದ 1983ರವರೆಗೆ ಅಥೆನ್ಸಿನ ಕಲಾಶಾಲೆಯಲ್ಲಿ ಪಾಠ ಹೇಳಿದರು. ಮೇಷ್ಟ್ರು ಎಂಬ ಕಾರಣಕ್ಕೆ ನನಗೆ ಅವರ ಮೇಲೆ ಸ್ವಲ್ಪ ಪಕ್ಷಪಾತ ಇದ್ದೀತು. 1948ರಲ್ಲಿ ಅವರು 'ಗರ್ಭಿಣಿ' ಎಂಬ ಚಿತ್ರ ಬರೆದರು. ಅಥೆನ್ಸಿನ ರಾಷ್ಟ್ರೀಯ ಗ್ಯಾಲರಿಯಲ್ಲಿರುವ ಆ ಚಿತ್ರದಲ್ಲಿ ಇನ್ನೂ ಮನುಷ್ಯಾಕೃತಿ ಉಳಿದಿದೆ. ಮುಂದಿನ ದಶಕಗಳಲ್ಲಿ ಒಂದೊಂದನ್ನೇ ಕಳೆಯುತ್ತ ಹೋದರು. ಸಮಾಧಿಶಿಲೆಗಳನ್ನು ನೆನಪಿಸುವ ಚಿತ್ರಗಳು ಬಂದವು. ಹಿಲ್ಟನ್ ಹೋಟೆಲಾಗಿ 1963ರಲ್ಲಿ ತೆರೆದ ಅಥೆನ್ಸಿನ ಕಟ್ಟಡದ ಹೊರಗೋಡೆಯ ಮೇಲೆ ಅಮೃತಶಿಲೆಯಲ್ಲಿ ಕೊರೆದ ರೇಖೆಗಳು ಬಂದವು. ಎಪ್ಪತ್ತರ ದಶಕದ ಹೊತ್ತಿಗೆ ಉಳಿದದ್ದು ಕೆಲವೇ ಬಣ್ಣಗಳು, ಒಂದಕ್ಕೊಂದು ಒರಗಿದ ವಕ್ರರೇಖೆಗಳು. ಅವುಗಳಿಗೆ ಅವರಿಟ್ಟ ಹೆಸರು ಮದುವೆಯ ಹಾಡುಗಳೆಂದು. ಅಲ್ಲಿರುವುದು ಪ್ರೇಮಿಗಳು, ತಾಯಿಯಲ್ಲ. ಅದನ್ನು ನಾನು ಎಳೆದು ತಾಯಿಯಾಗಿಸುವುದಿಲ್ಲ. ಆದರೆ ಎರಡು ಆಕಾರಗಳು ಹೇಗೆ ಒಂದು ಇನ್ನೊಂದಕ್ಕೆ ಎಡೆ ಕೊಡುತ್ತವೆ ಎಂಬುದೇ ಅವರ ಜೀವಮಾನದ ವಿಷಯ. ಅದು ಶುರುವಾದದ್ದು, ಒಂದೇ ಹೊರರೇಖೆಯೊಳಗೆ ಇಬ್ಬರಿರುವ ಆ 1948ರ ಹೆಂಗಸಿನಿಂದ ಎಂದು ನಾನು ಓದಿಕೊಳ್ಳುತ್ತೇನೆ.

ಇನ್ನೂ ಮುಂದೆ ಹೋಗಿ ಎಲ್ಲವನ್ನೂ ಕಳೆದವರೂ ಇದ್ದಾರೆ. ಯಾನಿಸ್ ಸ್ಪಿರೋಪೌಲೋಸ್ ಅವರಿಗೆ 1960ರ ವೆನಿಸ್ ಬಿಯೆನಾಲೆಯಲ್ಲಿ ಯುನೆಸ್ಕೊ ಪ್ರಶಸ್ತಿ ಬಂತು. ಪದರ ಪದರವಾದ ಆ ಕಡುಕಪ್ಪು ಮೇಲ್ಮೈಗಳು ಗಂಭೀರವಾಗಿವೆ, ಚೆನ್ನಾಗಿಯೂ ಇವೆ. ಆದರೆ ಅಲ್ಲಿ ತಾಯಿಯಿಲ್ಲ, ಮಗುವಿಲ್ಲ, ಯಾರೂ ಇಲ್ಲ. ನನ್ನ ಶಿಷ್ಯ ಹೇಳಿದ್ದು ಅಂಥ ಚಿತ್ರಗಳ ಮಟ್ಟಿಗೆ ಸರಿ. ಕಳೆಯುವ ಲೆಕ್ಕದಲ್ಲಿ ಎರಡು ಉಳಿದಾಗ ನಿಲ್ಲಿಸಿದರೆ ತಾಯಿ ಉಳಿಯುತ್ತಾಳೆ. ಒಂದಕ್ಕೆ ಇಳಿದರೆ ಅಥವಾ ಸೊನ್ನೆಗೆ ಇಳಿದರೆ ಆಕೆ ಹೊರಟುಹೋಗುತ್ತಾಳೆ. ಏಕೆಂದರೆ ತಾಯ್ತನ ಒಬ್ಬಳ ಗುಣವಲ್ಲ, ಇಬ್ಬರ ನಡುವಿನ ನಂಟು. ಕರುಣೆ, ತ್ಯಾಗ, ಚಂದ್ರಮುಖ ಇವೆಲ್ಲವನ್ನೂ ಕಳೆಯಬಹುದು. ಆ 'ಇಬ್ಬರು' ಎಂಬುದನ್ನು ಕಳೆಯಲಾಗದು. ಇದೇ ನನ್ನ ಅಭಿಪ್ರಾಯ. ಗ್ರೀಕರಲ್ಲಿ ತಾಯಿಯನ್ನು ಕುರಿತು ಒಳ್ಳೆಯ ಕೆಲಸ ಮಾಡಿದವರು ಪೂರ್ಣ ಅಮೂರ್ತಕ್ಕೆ ಒಂದು ಹೆಜ್ಜೆ ಹಿಂದೆಯೇ ನಿಂತವರು. ಕಟ್ಟುನಿಟ್ಟಿನ ವಿಮರ್ಶಕರು ಅವರನ್ನು ಅಮೂರ್ತ ಕಲಾವಿದರ ಪಟ್ಟಿಯಿಂದಲೇ ಹೊರಗಿಟ್ಟಾರು. ಇಡಲಿ.

ಅಂಥವರಲ್ಲಿ ನನಗೆ ಎಲ್ಲರಿಗಿಂತ ಪ್ರಿಯರಾದವರು ವಾಸೊ ಕತ್ರಾಕಿ. 1914ರಲ್ಲಿ ಪಶ್ಚಿಮ ಗ್ರೀಸಿನ ಎತೋಲಿಕೊ ಎಂಬ, ಹಿನ್ನೀರಿನ ನಡುವಿನ ಪುಟ್ಟ ಊರಿನಲ್ಲಿ ಹುಟ್ಟಿದರು. ಮರದ ಅಚ್ಚು ಕೊರೆಯುವುದನ್ನು ಕಲಿತವರು ಐವತ್ತರ ದಶಕದಲ್ಲಿ ಮರವನ್ನು ಬಿಟ್ಟು ಮರಳುಗಲ್ಲಿಗೆ ಬಂದರು. ದೊಡ್ಡ ಕಲ್ಲುಹಲಗೆಯನ್ನು ಕೊರೆದು, ಮಸಿ ಬಳಿದು, ಕಾಗದಕ್ಕೆ ಒತ್ತಿ ತೆಗೆಯುವುದು ಅವರ ಕ್ರಮ. ಕೊರೆದ ಜಾಗ ಬಿಳಿಯಾಗಿ ಉಳಿಯುತ್ತದೆ, ಕೊರೆಯದೆ ಬಿಟ್ಟದ್ದು ಕಪ್ಪಾಗಿ ಮೂಡುತ್ತದೆ. ಅಂದರೆ ಅಕ್ಷರಶಃ ಕಳೆಯುವ ಲೆಕ್ಕ. ಹಾಗೆ ಮೂಡಿದ ಹೆಂಗಸರಿಗೆ ಭಾರೀ ಮೈ, ಚಿಕ್ಕ ತಲೆ. ಕಲ್ಲಿನ ಒರಟುತನ ಹಾಗೆಯೇ ಅವರ ಚರ್ಮವಾಗಿ ಕಾಗದಕ್ಕೆ ಇಳಿದಿರುತ್ತದೆ. ಮೀನುಗಾರರು, ತಾಯಂದಿರು, ಸತ್ತವರನ್ನು ಹೊತ್ತವರು. 1966ರ ವೆನಿಸ್ ಬಿಯೆನಾಲೆಯಲ್ಲಿ ಅವರ ಮುದ್ರಣಗಳಿಗೆ ಪ್ರಶಸ್ತಿ ಬಂತು. ಮರುವರ್ಷ, 1967ರ ಏಪ್ರಿಲ್ 21ರಂದು ಗ್ರೀಸಿನಲ್ಲಿ ಸೈನ್ಯಾಧಿಕಾರಿಗಳು ಅಧಿಕಾರ ಹಿಡಿದರು. ಎಡಪಂಥದ ಒಲವಿನ ಕತ್ರಾಕಿಯನ್ನು ಬಂಧಿಸಿ ಗ್ಯಾರೋಸ್ ಎಂಬ ಬರಡು ದ್ವೀಪಕ್ಕೆ ಅಟ್ಟಿದರು. ಅಲ್ಲಿ ಅವರ ಕಲ್ಲುಹಲಗೆಗಳಾಗಲಿ ಅಚ್ಚಿನ ಯಂತ್ರವಾಗಲಿ ಇರಲಿಲ್ಲ. ಸಮುದ್ರದಂಡೆಯ ಉರುಟು ಕಲ್ಲುಗಳನ್ನು ಆರಿಸಿ ಅವುಗಳ ಮೇಲೆ ಚಿತ್ರ ಬರೆದರು.

ನಾನು ಮತ್ತೆ ಮತ್ತೆ ನೆನೆಯುವುದು ಆ ಉರುಟು ಕಲ್ಲುಗಳನ್ನು. ಮುಷ್ಟಿಯಲ್ಲಿ ಹಿಡಿಯುವ ಕಲ್ಲಿನ ಮೇಲೆ ವಿವರ ಬರೆಯಲು ಜಾಗವಿರುವುದಿಲ್ಲ. ಕಲ್ಲಿನ ಆಕಾರವೇ ಬೆನ್ನೋ ಹೊಟ್ಟೆಯೋ ಆಗಬೇಕು. ಅಮೂರ್ತತೆ ಶ್ರೀಮಂತರ ದಿವಾನಖಾನೆಯ ಅಲಂಕಾರ ಎಂದು ಮೂಗು ಮುರಿಯುವವರು ಇದನ್ನು ತಿಳಿಯಬೇಕು. ಅಲ್ಲಿ ಅದು ಸೆರೆಯಾಳಿನ ಬಡತನದಿಂದ ಬಂದದ್ದು. 1974ರಲ್ಲಿ ಆ ಆಡಳಿತ ಬಿದ್ದುಹೋಯಿತು. ಕತ್ರಾಕಿ 1988ರವರೆಗೆ ಬದುಕಿದ್ದರು. ಅವರ ಊರಿನಲ್ಲೇ ಈಗ ಅವರ ಹೆಸರಿನ ವಸ್ತುಸಂಗ್ರಹಾಲಯವಿದೆ.

ಅದೇ ಸೀಮೆಯ ಇನ್ನೊಬ್ಬರು ಶಿಲ್ಪಿ ಕ್ರಿಸ್ತೋಸ್ ಕಾಪ್ರಾಲೋಸ್ (1909–1993). ಪ್ಯಾರಿಸ್ಸಿನಲ್ಲಿ ಕಲಿತು, ಮಹಾಯುದ್ಧ ಬಂದಾಗ ತಮ್ಮ ಹಳ್ಳಿ ಪನೆತೋಲಿಯೊಗೆ ಮರಳಿದರು. ಜರ್ಮನರ ಆಕ್ರಮಣ, ಹಸಿವು. ರೂಪದರ್ಶಿಗೆ ಕೊಡಲು ಹಣ ಎಲ್ಲಿಂದ ಬರಬೇಕು? ಅಮ್ಮನನ್ನೇ ಕೂರಿಸಿಕೊಂಡು ಮಾಡಿದರು, ಮತ್ತೆ ಮತ್ತೆ. ದುಡಿದು ಬಾಗಿದ ರೈತಾಪಿ ಹೆಂಗಸು ಆಕೆ. ಮುಂದೆ ಅವರು ಐಜೀನಾ ದ್ವೀಪದಲ್ಲಿ ಪಿಂಡಸ್ ಯುದ್ಧವನ್ನು ಕುರಿತು ಸುಮಾರು ನಲವತ್ತು ಮೀಟರ್ ಉದ್ದದ ಉಬ್ಬುಶಿಲ್ಪ ಕೆತ್ತಿದರು. ಅದು ಇಂದು ಗ್ರೀಕ್ ಸಂಸತ್ ಭವನದಲ್ಲಿದೆ. ಆಮೇಲಿನ ಕಂಚಿನ ಆಕೃತಿಗಳಲ್ಲಿ ತಲೆ, ಕೈಗಳು ಅಳಿದು, ಒಡೆದು ಟೊಳ್ಳಾದ ಮೈ ಮಾತ್ರ ಉಳಿಯಿತು. ಕೊನೆಗೆ ನೀಲಗಿರಿ ಮರದ ಬೊಡ್ಡೆಗಳಿಗೆ ಬಂದರು. ನನಗೆ ಆ ಟೊಳ್ಳು ಕಂಚುಗಳಿಗಿಂತ ಹಳ್ಳಿಯ ಮಣ್ಣಿನ ಅಮ್ಮನೇ ಇಷ್ಟ. ಆದರೆ ಆ ಮೊದಲ ಐದು ವರ್ಷ ಒಬ್ಬ ನಿಜವಾದ ತಾಯಿ ಎದುರಿಗೆ ಕುಳಿತಿರದಿದ್ದರೆ ಮುಂದೆ ಕಳೆಯಲು ಅವರ ಬಳಿ ಏನಿರುತ್ತಿತ್ತು? ಇಲ್ಲದ್ದನ್ನು ಕಳೆಯಲು ಬರುವುದಿಲ್ಲ.

ಇಲ್ಲೊಂದು ಎಚ್ಚರಿಕೆಯ ಮಾತು ಸೇರಿಸಬೇಕು. ಹೆಂಗಸೊಬ್ಬಳು ದುಂಡಗೆ ಏನನ್ನಾದರೂ ಮಾಡಿದರೆ ಸಾಕು, 'ಗರ್ಭದ ಸಂಕೇತ' ಎಂದು ಬರೆಯುವ ವಿಮರ್ಶೆಯ ಒಂದು ಬಗೆಯಿದೆ. ಅಥೆನ್ಸಿನಲ್ಲಿ ಹುಟ್ಟಿ ನ್ಯೂಯಾರ್ಕಿನಲ್ಲಿ ಹೆಸರಾದ ಕ್ರಿಸಾ (1933–2013) ಐವತ್ತರ ದಶಕದಲ್ಲಿ 'ಸೈಕ್ಲಡಿಕ್ ಪುಸ್ತಕಗಳು' ಎಂಬ ಬಿಳಿಯ ಗಾರೆಯ ಫಲಕಗಳನ್ನು ಮಾಡಿದರು. ಹೆಸರಿನಲ್ಲಿ ಆ ಪುರಾತನ ಬೊಂಬೆಗಳಿವೆ. ಫಲಕದಲ್ಲಿ ಇರುವುದು ನೆರಳು ಬೆಳಕು ಅಷ್ಟೇ. ಮುಂದೆ ಆಕೆ ಹಿಡಿದದ್ದು ನಿಯಾನ್ ದೀಪಗಳನ್ನು, ಬೀದಿಯ ಫಲಕಗಳ ಅಕ್ಷರಗಳನ್ನು. ತಾಯಿಯಾಗದಿರುವ ಸ್ವಾತಂತ್ರ್ಯ ಹೆಣ್ಣಿಗಿರುವಂತೆ ತಾಯಿಯನ್ನು ಚಿತ್ರಿಸದಿರುವ ಸ್ವಾತಂತ್ರ್ಯವೂ ಕಲಾವಿದೆಗಿದೆ.

ತಾಯಿಯನ್ನು ಹೊಗಳಿ ಹೊಗಳಿ ನಾವು ಎಷ್ಟನ್ನು ಮುಚ್ಚಿಡುತ್ತೇವೆ ಎಂಬುದಕ್ಕೆ ಗ್ರೀಕ್ ಕಲೆಯಲ್ಲೇ ಒಂದು ಕಥೆಯಿದೆ. ಯಾನೂಲಿಸ್ ಹಲೇಪಾಸ್ 1851ರಲ್ಲಿ ಟಿನೋಸ್ ದ್ವೀಪದ ಕಲ್ಲುಕುಟಿಗರ ಮನೆತನದಲ್ಲಿ ಹುಟ್ಟಿದ ಶಿಲ್ಪಿ. ಇಪ್ಪತ್ತೇಳರ ಹೊತ್ತಿಗೆ ಅಥೆನ್ಸಿನ ಸ್ಮಶಾನದಲ್ಲಿರುವ 'ನಿದ್ರಿಸುವ ಹುಡುಗಿ'ಯನ್ನು ಕೆತ್ತಿ, ಅದೇ ಸುಮಾರಿಗೆ ಬುದ್ಧಿಯ ಸ್ಥಿಮಿತ ಕಳೆದುಕೊಂಡ. 1888ರಿಂದ 1902ರವರೆಗೆ ಕಾರ್ಫುವಿನ ಹುಚ್ಚಾಸ್ಪತ್ರೆಯಲ್ಲಿದ್ದ. ಬಿಡುಗಡೆಯಾಗಿ ಊರಿಗೆ ಬಂದ ಮಗನನ್ನು ಕಾಯ್ದವಳು ತಾಯಿ. ಕಲೆಯೇ ಇವನ ತಲೆ ಕೆಡಿಸಿದ್ದು ಎಂದು ಆಕೆ ದೃಢವಾಗಿ ನಂಬಿದ್ದಳು. ಅವನು ಮಣ್ಣಿನಲ್ಲಿ ಏನು ಮಾಡಿದರೂ ಒಡೆದುಹಾಕುತ್ತಿದ್ದಳು. 1916ರಲ್ಲಿ ಆಕೆ ತೀರಿಕೊಂಡಳು. ಆಮೇಲೆ, ಅರವತ್ತೈದರ ವಯಸ್ಸಿನಲ್ಲಿ, ಆತ ಮತ್ತೆ ಮಣ್ಣಿಗೆ ಕೈ ಹಾಕಿದ. 1938ರಲ್ಲಿ ಸಾಯುವವರೆಗೂ ನಿಲ್ಲಿಸಲಿಲ್ಲ. ಯೌವನದ ನುಣುಪು ಹೋಗಿತ್ತು. ಒರಟಾದ, ಅರೆಬರೆ ಎನಿಸುವ, ಒಂದರಿಂದೊಂದು ಮೂಡಿಬರುವ ಆಕೃತಿಗಳು. ಗ್ರೀಕ್ ಆಧುನಿಕ ಶಿಲ್ಪದ ಹೊಸ್ತಿಲು ಎಂದು ಅವನ್ನು ಎಷ್ಟೋ ಜನ ಕರೆಯುತ್ತಾರೆ. ಆತ ಮತ್ತೆ ಮತ್ತೆ ಹಿಡಿದ ವಸ್ತುಗಳಲ್ಲಿ ಒಂದು ಮೀಡಿಯಾ, ಸ್ವಂತ ಮಕ್ಕಳನ್ನೇ ಕೊಂದ ಪುರಾಣದ ತಾಯಿ.

ಆ ಮುದುಕಿಯನ್ನು ಕಲಾದ್ರೋಹಿ ಎಂದು ಬೈಯುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಹದಿನಾಲ್ಕು ವರ್ಷ ಮಗನನ್ನು ಆಸ್ಪತ್ರೆಯಲ್ಲಿ ಬಿಟ್ಟಿದ್ದ ಹೆಂಗಸು ಆಕೆ. ಆಕೆ ಒಡೆದದ್ದು ತನ್ನ ಭಯವನ್ನು. ಹಾಗೆಂದು ಅವಳು ಮಾಡಿದ್ದು ಸರಿಯೆನ್ನಲೂ ಬಾಯಿ ಬರುವುದಿಲ್ಲ. ಕಾಯುವುದೂ ಒಡೆಯುವುದೂ ಒಂದೇ ಕೈಯಾಗಿತ್ತು. ಇದನ್ನು ಹುಣ್ಣಿಮೆಯ ಚಂದ್ರನಂಥ ಮುಖ ಬರೆದು ತೋರಿಸಲಾದೀತೇ?

ಈಗ ಆ ಪ್ರಬಂಧದ ವಿಷಯ. ಎಂಬತ್ತರ ದಶಕದ ನಡುವಿನ ಒಂದು ವರ್ಷ, ಏಳನೆಯ ತರಗತಿ. ಪ್ರತಿ ವರ್ಷದಂತೆ 'ನನ್ನ ತಾಯಿ' ಎಂದು ಹಲಗೆಯ ಮೇಲೆ ಬರೆದು, ಒಂದು ಪುಟಕ್ಕೆ ಮೀರದಂತೆ ಬರೆಯಲು ಹೇಳಿದೆ. ನಲವತ್ತು ಪುಸ್ತಕಗಳಲ್ಲಿ ಮೂವತ್ತೊಂಬತ್ತು ಗೈಡಿನ ಪಡಿಯಚ್ಚು. ಒಂದು ಮಾತ್ರ ಬೇರೆಯಾಗಿತ್ತು. ಹುಡುಗಿಯೊಬ್ಬಳದು. ಮೊದಲ ಸಾಲಿನಲ್ಲಿ ಆ ಚಂದ್ರಮುಖ ಅವಳಲ್ಲಿಯೂ ಇತ್ತು. ಅದನ್ನು ದಾಟಿದ ಮೇಲೆ, ಅಮ್ಮ ಬೆಳಿಗ್ಗೆ ಮೊಣಕಾಲುಗಳ ನಡುವೆ ತನ್ನನ್ನು ಒತ್ತಿ ಕೂರಿಸಿಕೊಂಡು ಜಡೆ ಹೆಣೆಯುವುದನ್ನು ಬರೆದಿದ್ದಳು. ಜಡೆ ಬಿಗಿಯಾಗಿ ಎಳೆಯುವಾಗ ಕಣ್ಣಲ್ಲಿ ನೀರು ಬರುತ್ತದೆ, ಅಲುಗಿದರೆ ಮೊಣಕಾಲು ಇನ್ನೂ ಒತ್ತುತ್ತದೆ, ಮುಗಿದ ಮೇಲೆ ನೆತ್ತಿಗೆ ಒಂದು ಸಣ್ಣ ಪೆಟ್ಟು ಬೀಳುತ್ತದೆ, ಅದು ಏಳು ಎಂಬುದರ ಗುರುತು. ನಾನು ಹಿಗ್ಗಿ ಅದನ್ನು ಇಡೀ ತರಗತಿಗೆ ಗಟ್ಟಿಯಾಗಿ ಓದಿದೆ. ಅವಳು ತಲೆ ತಗ್ಗಿಸಿ ಕುಳಿತಿದ್ದಳು, ನಾಚಿಕೆ ಎಂದುಕೊಂಡೆ. ಬಿಡುವಿನ ವೇಳೆಯಲ್ಲಿ ಇನ್ನೊಂದು ಮಗು ಬಂದು, "ಸರ್, ಅವಳಿಗೆ ಅಮ್ಮ ಇಲ್ಲ ಸರ್. ಚಿಕ್ಕವಳಿದ್ದಾಗಲೇ ಹೋಗಿಬಿಟ್ರು" ಎಂದಿತು. ಅಜ್ಜಿಯ ಮನೆಯಲ್ಲಿ ಬೆಳೆಯುತ್ತಿದ್ದವಳು. ದಾಖಲಾತಿ ಪುಸ್ತಕದಲ್ಲಿ ಅದೆಲ್ಲ ಇತ್ತು, ನಾನು ನೋಡಿರಲಿಲ್ಲ.

ಮರುದಿನ ಅವಳನ್ನು ಕರೆದು, "ಯಾಕಮ್ಮಾ, ನನಗೆ ಹೇಳಬಾರದಿತ್ತೇ?" ಎಂದೆ. "ನೀವು ತಾಯಿ ಬಗ್ಗೆ ಬರೀರಿ ಅಂದ್ರಿ ಸರ್, ಅದಕ್ಕೆ ಬರೆದೆ" ಎಂದಳು. ಆ ಮೊಣಕಾಲು ಅಜ್ಜಿಯದೋ, ಎರಡು ವರ್ಷದ ಕೂಸಿನ ನೆನಪೋ, ಕೇವಲ ಆಸೆಯೋ ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ಮುಖವನ್ನು ಅವಳು ಗೈಡಿನಿಂದ ಎರವಲು ತಂದಿದ್ದಳು. ಉಳಿದದ್ದು ಅವಳದೇ. ಮುಂದಿನ ವರ್ಷವೂ ಹಲಗೆಯ ಮೇಲೆ ಅದೇ ವಿಷಯ ಬರೆದೆ, ಪರೀಕ್ಷೆಗೆ ಬರುತ್ತದೆ ಎಂಬ ನೆವದಿಂದ. ಅದನ್ನೂ ಇಲ್ಲಿ ಹೇಳಿಬಿಡಬೇಕು.

ನನ್ನ ಶಿಷ್ಯನಿಗೆ ಸೋಮವಾರ ಬೆಳಿಗ್ಗೆಯೇ ಫೋನು ಮಾಡಿದೆ. ಮಕ್ಕಳಿಗೆ ಮುಖ ಬರೆಯಲೇಬೇಡಿ ಎನ್ನು, ಒಂದು ದೊಡ್ಡ ಆಕಾರ, ಒಂದು ಚಿಕ್ಕ ಆಕಾರ, ಅವೆರಡರ ನಡುವೆ ಏನಿದೆಯೋ ಅದನ್ನು ತೋರಿಸಿ ಎನ್ನು, ತಾಯಿ ಇಲ್ಲದ ಮಗುವೂ ಬರೆಯಬಹುದು ಎಂದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ತೀರ್ಪುಗಾರರು ಬಹುಮಾನ ಕೊಡೋಲ್ಲ ಸರ್" ಎಂದ. ಆಮೇಲೆ, "ಆ ಕತ್ರಾಕಿ ಪುಟ ಫೋಟೊ ತೆಗೆದು ಕಳಿಸ್ತೀರಾ?" ಎಂದು ಕೇಳಿದ. ಕಳಿಸಿದ್ದೇನೆ.

ಆ ಹುಡುಗಿಯ ಪುಸ್ತಕವನ್ನು ನಾನು ಇಟ್ಟುಕೊಳ್ಳಲಿಲ್ಲ. ವರ್ಷದ ಕೊನೆಗೆ ಎಲ್ಲ ನೋಟ್‌ಬುಕ್ಕುಗಳ ಜೊತೆ ಅದೂ ರದ್ದಿಗೆ ಹೋಯಿತು.